ಸೀರಮ್‌ನಲ್ಲಿ ಮೆರೋಪೆನೆಮ್ ಕಾಣಿಸ್ಲೇ ಇಲ್ಲ: ಬೆಂಗಳೂರಿನ ಒಂದು ಐಸಿಯು ಪ್ರಕರಣ

ಪೇಶೆಂಟ್ ವಯಸ್ಸು, ಆಕ್ಸಿಡೆಂಟ್ ಆದ ಜಾಗ, ಆಸ್ಪತ್ರೆ, ಲ್ಯಾಬು ಯಾವುದೂ ಗುರುತು ಸಿಗದ ಹಾಗೆ ಬದಲಾಯಿಸಿ ಬರೆದಿದ್ದೀನಿ. ಈ ಪ್ರಕರಣದಲ್ಲಿ ಕಲಿಯೋಕೆ ಇರೋದು ಯಾರ ಹೆಸರಲ್ಲೂ ಅಲ್ಲ. ಮೆರೋಪೆನೆಮ್ ಅನ್ನೋ ಆಂಟಿಬಯಾಟಿಕ್ ರಕ್ತದಲ್ಲಿ ಎಷ್ಟಿದೆ ಅಂತ ಮೂರು ಸಲ ಒಂದು ನಂಬರ್ ಬಂತು, ಮೂರು ಸಲವೂ ಅದನ್ನ ನಂಬೋದಾ ಬೇಡ್ವಾ ಅಂತ ಕೂತು ತೀರ್ಮಾನ ಮಾಡ್ಬೇಕಾಯ್ತು, ಆ ತೀರ್ಮಾನಗಳ ಬಗ್ಗೆನೇ ಬರೀತಿದ್ದೀನಿ. ಐಸಿಯುಲಿ ಕೆಲಸ ಮಾಡೋರು, ಎಚ್‌ಪಿಎಲ್‌ಸಿ (ಸ್ಯಾಂಪಲ್‌ನಲ್ಲಿರೋ ಔಷಧಿನ ಬೇರ್ಪಡಿಸಿ ಅಳೆಯೋ ಮೆಷಿನ್) ಮುಂದೆ ಕೂರೋರು, ಇಬ್ಬರಿಗೂ ಉಪಯೋಗಕ್ಕೆ ಬರಲಿ.

ಹಿನ್ನೆಲೆ

ಇಪ್ಪತ್ತರ ಹರೆಯದ ಹುಡುಗ. ರಾತ್ರಿ ಶಿಫ್ಟ್ ಮುಗಿಸ್ಕೊಂಡು ಬೈಕಲ್ಲಿ ಮನೆಗೆ ಬರ್ತಿರುವಾಗ ರಿಂಗ್ ರೋಡಲ್ಲಿ ಆಕ್ಸಿಡೆಂಟ್, ತಲೆಗೆ ಪೆಟ್ಟು, ತೊಡೆ ಮೂಳೆ ಮುರಿದಿತ್ತು. ಆಪರೇಷನ್ ಆಗಿ ವೆಂಟಿಲೇಟರ್ ಮೇಲಿದ್ದ. ಒಂದು ವಾರದೊಳಗೆ ಜ್ವರ, ಎಕ್ಸ್‌ರೇಲಿ ಹೊಸ ಪ್ಯಾಚು, ಟ್ಯೂಬಿಂದ ಬರೋ ಕಫ ಹಸಿರು. ಕಲ್ಚರ್‌ನಲ್ಲಿ ಸೂಡೋಮೊನಾಸ್ ಎರುಜಿನೋಸಾ ಅನ್ನೋ ಬ್ಯಾಕ್ಟೀರಿಯಾ ಬೆಳೀತು. ಮೆರೋಪೆನೆಮ್‌ಗೆ ಎಂಐಸಿ 2 ಮಿ.ಗ್ರಾಂ/ಲೀಟರ್. ಎಂಐಸಿ ಅಂದ್ರೆ ಆ ಬ್ಯಾಕ್ಟೀರಿಯಾ ಬೆಳೆಯೋದನ್ನ ತಡೆಯೋಕೆ ಬೇಕಾದ ಕನಿಷ್ಠ ಔಷಧಿ ಮಟ್ಟ. ಸಿಎಲ್‌ಎಸ್‌ಐ (ಲ್ಯಾಬ್ ಮಾನದಂಡ ಹೊರಡಿಸೋ ಸಂಸ್ಥೆ) ಟೇಬಲ್ ಪ್ರಕಾರ ಸೂಡೋಮೊನಾಸ್‌ಗೆ 2 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಸೆನ್ಸಿಟಿವ್, 4 ಆದ್ರೆ ಇಂಟರ್‌ಮೀಡಿಯೆಟ್, 8 ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ರೆಸಿಸ್ಟೆಂಟ್. ಅಂದ್ರೆ ಇವನ ರಿಪೋರ್ಟಲ್ಲಿ ಸೆನ್ಸಿಟಿವ್ ಅಂತ ಬಂದಿದ್ರೂ ಅದು ಗೆರೆ ಮೇಲೆ ನಿಂತಿರೋ ಸೆನ್ಸಿಟಿವ್.

ಮೆರೋಪೆನೆಮ್ 1 ಗ್ರಾಂ, ಎಂಟು ಗಂಟೆಗೊಂದು ಸಲ, ಅರ್ಧ ಗಂಟೆ ಡ್ರಿಪ್. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಸೀರಮ್ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕೋ ಕಸ, ಕಿಡ್ನಿ ಸೋತ್ರೆ ರಕ್ತದಲ್ಲಿ ಏರುತ್ತೆ) 0.5 ಮಿ.ಗ್ರಾಂ/ಡಿಎಲ್. ಕಿಡ್ನಿ ಚೆನ್ನಾಗಿದೆ, ಡೋಸ್ ಕಮ್ಮಿ ಮಾಡೋ ಅಗತ್ಯ ಇಲ್ಲ ಅಂತ ಎಲ್ಲರೂ ಸಮಾಧಾನದಲ್ಲಿದ್ರು. ನಾಲ್ಕು ದಿನ ಆಯ್ತು, ಜ್ವರ ಇಳೀಲಿಲ್ಲ, ಬಿಳಿ ರಕ್ತಕಣದ ಕೌಂಟ್ ಏರ್ತಾನೇ ಹೋಯ್ತು, ಮತ್ತೆ ಕಳಿಸಿದ ಕಲ್ಚರ್‌ನಲ್ಲೂ ಅದೇ ಸೂಡೋಮೊನಾಸ್, ಅದೇ ಎಂಐಸಿ. ಹುಡುಗನ ಅಣ್ಣ ದಿನಾ ಸಂಜೆ ಐಸಿಯು ಬಾಗಿಲಲ್ಲಿ ನಿಂತು ಕೇಳ್ತಿದ್ದ ಪ್ರಶ್ನೆ ಒಂದೇ: "ಡಾಕ್ಟ್ರೇ, ಸೆನ್ಸಿಟಿವ್ ಅಂತ ರಿಪೋರ್ಟಲ್ಲಿ ಬಂದಿದೆ, ಇಷ್ಟು ಪವರ್‌ಫುಲ್ ಇಂಜೆಕ್ಷನ್ ಕೊಡ್ತಿದೀರ, ಮತ್ಯಾಕೆ ಜ್ವರ ಬಿಡ್ತಿಲ್ಲ?" ನನ್ನ ಪ್ರಕಾರ ಇಡೀ ಕೇಸಲ್ಲಿ ಯಾರಾದ್ರೂ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದೇ.

ಮುಂದಿನ ಹೆಜ್ಜೆ ಕೊಲಿಸ್ಟಿನ್ ಅಂತ ಮಾತು ಶುರುವಾಗಿತ್ತು. ಕೊಲಿಸ್ಟಿನ್ ಕಿಡ್ನಿಗೆ ಹೊಡೆಯುತ್ತೆ, ಮತ್ತು ಅದು ನಮ್ಮ ಹತ್ರ ಉಳಿದಿರೋ ಕೊನೆಯ ಸಾಲಿನ ಔಷಧಿಗಳಲ್ಲಿ ಒಂದು. ಐಸಿಯುನ ಒಬ್ಬ ಜೂನಿಯರ್ ಡಾಕ್ಟರ್ ಅದಕ್ಕೂ ಮುಂಚೆ ಔಷಧಿ ರಕ್ತದಲ್ಲಿ ಎಷ್ಟಿದೆ ಅಂತ ನೋಡಿಬಿಡೋಣ ಅಂದ್ರು. ಹಾಗೆ ಆ ಟ್ಯೂಬ್ ನಮ್ಮ ಲ್ಯಾಬಿಗೆ ಬಂತು.

ಅಳೆಯೋದು ಹೇಗೆ

ವ್ಯಾಂಕೋಮೈಸಿನ್ ಆದ್ರೆ ಆಟೋ ಅನಲೈಸರ್‌ಗೆ ರೆಡಿ ಕಿಟ್ ಸಿಗುತ್ತೆ, ಇಮ್ಯುನೋಅಸ್ಸೇ, ಸಂಜೆಯೊಳಗೆ ರಿಪೋರ್ಟು. ಮೆರೋಪೆನೆಮ್‌ಗೆ ಹಾಗೆ ಕಿಟ್ ಹಾಕಿ ಬಟನ್ ಒತ್ತೋ ಸೌಕರ್ಯ ನಮ್ಮಲ್ಲಿಲ್ಲ, ಎಚ್‌ಪಿಎಲ್‌ಸಿನೇ ಗತಿ, ಇಲ್ಲಾಂದ್ರೆ ಮಾಸ್ ಸ್ಪೆಕ್ಟ್ರೋಮೀಟರ್ ಇರೋ ಜಾಗಕ್ಕೆ ಕಳಿಸ್ಬೇಕು. ಒಂದು ಅನುಕೂಲ ಏನಂದ್ರೆ ಮೆರೋಪೆನೆಮ್ 298 ನ್ಯಾನೋಮೀಟರ್ ಹತ್ರ ಚೆನ್ನಾಗಿ ಯುವಿ ಹೀರುತ್ತೆ, ಸೀರಮ್‌ನಲ್ಲಿರೋ ಬಹಳಷ್ಟು ಬೇರೆ ಪದಾರ್ಥಗಳು ಅದಕ್ಕಿಂತ ಕೆಳಗಿನ ತರಂಗದಲ್ಲಿ ಹೀರೋದು, ಹಾಗಾಗಿ ಬೇಸ್‌ಲೈನ್ ಶುದ್ಧವಾಗಿ ಸಿಗುತ್ತೆ. ಜೆಂಟಾಮೈಸಿನ್ ಥರದ್ದಕ್ಕೆ ಈ ಭಾಗ್ಯ ಇಲ್ಲ, ಅದಕ್ಕೆ ಯುವಿ ಹೀರೋ ಗುಣನೇ ಇಲ್ಲದ್ದರಿಂದ ಮೊದಲು ಕೆಮಿಕಲ್ ಸೇರಿಸಿ ರೂಪ ಬದಲಾಯಿಸ್ಬೇಕು.

ಕೆಲಸ ಹೀಗೆ: 200 ಮೈಕ್ರೋಲೀಟರ್ ಸೀರಮ್‌ಗೆ ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ, ಅಂದ್ರೆ ಹೋಲಿಸಿ ನೋಡೋಕೆ ಗೊತ್ತಿರೋ ಪ್ರಮಾಣದಲ್ಲಿ, ಎರ್ಟಪೆನೆಮ್ ಹಾಕ್ತೀವಿ (ಪೇಶೆಂಟ್‌ಗೆ ಎರ್ಟಪೆನೆಮ್ ಕೊಟ್ಟಿಲ್ಲ ಅಂತ ಮೊದಲೇ ಕೇಳ್ಕೊಬೇಕು, ಕೊಟ್ಟಿದ್ರೆ ಲೆಕ್ಕ ಎಲ್ಲಾ ಕೆಡುತ್ತೆ). ಆಮೇಲೆ ತಣ್ಣಗಿರೋ ಅಸಿಟೋನೈಟ್ರೈಲ್ ಸುರಿದು ವಾರ್ಟೆಕ್ಸ್ ಮಾಡಿದ ತಕ್ಷಣ ಸೀರಮ್ ಬೆಳ್ಳಗೆ ಒಡೆಯುತ್ತೆ, ಅದು ಪ್ರೋಟೀನು. ಸ್ಪಿನ್ ಹಾಕಿದ್ರೆ ಪ್ರೋಟೀನು ತಳಕ್ಕೆ ಗಟ್ಟಿಯಾಗಿ ಅಂಟ್ಕೊಳುತ್ತೆ, ಮೇಲೆ ತಿಳಿ ನಿಲ್ಲುತ್ತೆ. ಆ ತಿಳೀನ ಹಾಗೇ ಇಂಜೆಕ್ಟ್ ಮಾಡಬಾರದು, ಅದರಲ್ಲಿ ಅಸಿಟೋನೈಟ್ರೈಲ್ ಜಾಸ್ತಿ ಇರೋದ್ರಿಂದ ಪೀಕ್ (ಗ್ರಾಫಲ್ಲಿ ಏಳೋ ಗುಡ್ಡ) ಅಗಲ ಆಗಿ ಹರಡ್ಕೊಂಡುಬಿಡುತ್ತೆ. ಅದಕ್ಕೆ ಬೇರೆ ಟ್ಯೂಬಿಗೆ ಹಾಕಿ ಡೈಕ್ಲೋರೋಮೀಥೇನ್ ಸೇರಿಸಿ ಮತ್ತೆ ಕುಲುಕಿ ಸ್ಪಿನ್. ಈಗ ಎರಡು ಪದರ, ಕೆಳಗೆ ಭಾರದ ಸಾಲ್ವೆಂಟು ಅಸಿಟೋನೈಟ್ರೈಲನ್ನ ಎಳ್ಕೊಂಡು ಕೂತಿರುತ್ತೆ, ಮೇಲೆ ತೆಳ್ಳಗೆ ನೀರಿನ ಪದರ, ನಮಗೆ ಬೇಕಾಗಿರೋ ಮೆರೋಪೆನೆಮ್ ಎಲ್ಲಾ ಆ ಮೇಲಿನ ಪದರದಲ್ಲಿ. ಪಿಪೆಟ್ ತುದಿ ಆ ಗೆರೆಗೆ ತಾಗದ ಹಾಗೆ ಮೇಲಿನದ್ದನ್ನಷ್ಟೇ ಎತ್ತೋದು ಕೈ ಪಳಗಿದ ಮೇಲೆ ಬರೋ ಕೆಲಸ. ಸಿ18 ಕಾಲಮ್, ಫಾಸ್ಫೇಟ್ ಬಫರ್ ಜೊತೆ ಸ್ವಲ್ಪ ಅಸಿಟೋನೈಟ್ರೈಲ್ ಮೊಬೈಲ್ ಫೇಸು, ಆರು ನಿಮಿಷದ ಹತ್ರ ಮೆರೋಪೆನೆಮ್ ಬರುತ್ತೆ. ಕ್ಯಾಲಿಬ್ರೇಷನ್ 1 ರಿಂದ 100 ಮಿ.ಗ್ರಾಂ/ಲೀಟರ್. ಪ್ರತಿ ಬ್ಯಾಚಲ್ಲೂ ಕಮ್ಮಿ, ಮಧ್ಯ, ಜಾಸ್ತಿ ಅಂತ ಮೂರು ಕ್ಯೂಸಿ (ಮೆಷಿನ್ ಸರಿ ಅಳೀತಿದೆಯಾ ಅಂತ ನೋಡೋಕೆ ಮಟ್ಟ ಗೊತ್ತಿರೋ ಸ್ಯಾಂಪಲ್), ಅವು ಶೇಕಡಾ 15ರೊಳಗೆ ಬರ್ಬೇಕು, ಕೆಳಗಿನ ಮಿತಿಯಲ್ಲಿ 20ರವರೆಗೆ ಒಪ್ಪಬಹುದು, ಇಂಥ ಅಳತೆಗಳಿಗೆ ಇರೋ ಐಸಿಎಚ್ ಎಂ10 ಗೈಡ್‌ಲೈನ್ ಹೇಳೋದೂ ಅದನ್ನೇ.

ಇನ್ನೊಂದು ಮಾತು, ಈ ಕೇಸಿಗೆ ಅದು ಮುಖ್ಯ. ಮೆರೋಪೆನೆಮ್‌ನ ಬೀಟಾಲ್ಯಾಕ್ಟಮ್ ಉಂಗುರ ನೀರಿನ ಸಹವಾಸದಲ್ಲಿ ತಾನಾಗೇ ಒಡೆಯುತ್ತಾ ಹೋಗುತ್ತೆ, ಬಿಸಿ ಜಾಸ್ತಿ ಆದಷ್ಟೂ ಬೇಗ. ಉಂಗುರ ಒಡೆದ ಮೇಲೆ ಅದು ಬ್ಯಾಕ್ಟೀರಿಯಾ ಕೊಲ್ಲಲ್ಲ, 298ರಲ್ಲಿ ಕಾಣಿಸೋದೂ ಇಲ್ಲ. ಅಂದ್ರೆ ಟ್ಯೂಬ್ ಒಳಗೇ ಔಷಧಿ ಕೆಟ್ಟಿದ್ರೆ ಕ್ರೊಮಾಟೋಗ್ರಾಮ್ ನೋಡಿ ಇದು ಪೇಶೆಂಟ್ ಮೈಯಲ್ಲೇ ಇರ್ಲಿಲ್ವಾ ಇಲ್ಲಾ ಟ್ಯೂಬಲ್ಲಿ ಸತ್ತುಹೋಯ್ತಾ ಅಂತ ಹೇಳೋಕಾಗಲ್ಲ, ಎರಡಕ್ಕೂ ಚಿತ್ರ ಒಂದೇ ಥರ.

ಮೊದಲನೇ ಸ್ಯಾಂಪಲ್

ಮಧ್ಯಾಹ್ನದ ಡೋಸಿಗೆ ಹತ್ತು ನಿಮಿಷ ಮುಂಚೆ ತೆಗೆದ ಟ್ರಫ್ ಸ್ಯಾಂಪಲ್, ಅಂದ್ರೆ ಔಷಧಿ ಮಟ್ಟ ಅತಿ ಕಮ್ಮಿ ಇರೋ ಹೊತ್ತಿಂದು. ಇಂಜೆಕ್ಟ್ ಮಾಡಿದ್ವಿ, ಎರ್ಟಪೆನೆಮ್ ಪೀಕ್ ಚೆನ್ನಾಗಿ ಬಂತು, ಕ್ಯೂಸಿ ಮೂರೂ ಪಾಸು, ಮೆರೋಪೆನೆಮ್ ಬರ್ಬೇಕಾದ ಜಾಗದಲ್ಲಿ ಬೇಸ್‌ಲೈನ್ ಸ್ವಲ್ಪ ಉಬ್ಬಿದ ಹಾಗೆ ಇತ್ತು ಅಷ್ಟೇ. 1ಕ್ಕಿಂತ ಕಮ್ಮಿ.

ಫೋನಲ್ಲಿ ಹೇಳಿದ ತಕ್ಷಣ ಐಸಿಯುಲಿ ಎರಡು ಗುಂಪು. ಒಬ್ಬರು ಔಷಧಿನೇ ಇಲ್ಲ ಅಂದ್ಮೇಲೆ ಇವತ್ತೇ ಡಬಲ್ ಮಾಡೋಣ ಅಂದ್ರು, ಸೀನಿಯರ್ ಒಬ್ಬರು ಈ ಲ್ಯಾಬ್ ನಂಬರ್ ನಂಬಬೇಡಿ, ಸ್ಯಾಂಪಲ್ ಕೆಟ್ಟಿರುತ್ತೆ, ಕೊಲಿಸ್ಟಿನ್ ಶುರು ಮಾಡಿ ಅಂದ್ರು. ಆ ಸೀನಿಯರ್ ಅನುಮಾನ ಸುಮ್ನೆ ತಳ್ಳಿಹಾಕೋ ಥರದ್ದಲ್ಲ. ನಮ್ಮ ಬಯೋಕೆಮಿಸ್ಟ್ ಮೇಡಂ ರಿಪೋರ್ಟಿಗೆ ಸೈನ್ ಹಾಕೋ ಮುಂಚೆ ಟ್ಯೂಬ್ ಬಂದ ದಾರಿ ಹಿಂದಕ್ಕೆ ಹಿಡ್ಕೊಂಡು ಹೋದ್ರು. ರಕ್ತ ತೆಗೆದಿದ್ದು 1:50ಕ್ಕೆ. ಬೇರೆ ಸ್ಯಾಂಪಲ್‌ಗಳ ಜೊತೆ ರ‍್ಯಾಕಲ್ಲಿ ಸಂಜೆವರೆಗೂ ನಿಂತಿತ್ತು. ಸಂಜೆ ಹೊರಟ ಬೈಕು ಊರಿನ ಆ ತುದಿಯಿಂದ ಈ ತುದಿಗೆ ಬರ್ಬೇಕು, ಸಂಜೆ ಹೊತ್ತು ಹೆಬ್ಬಾಳ ಕಡೆಯಿಂದ ಸಿಲ್ಕ್ ಬೋರ್ಡ್ ಕಡೆ ಗಾಡಿ ಓಡಿಸಿದವರಿಗೆ ಅದೇನು ಅಂತ ಗೊತ್ತು, ಐಸ್ ಇಲ್ಲ, ಏಪ್ರಿಲ್ ತಿಂಗಳು. ಬಂದು ರಿಸೆಪ್ಷನ್‌ನಲ್ಲಿ ರಾತ್ರಿಯಿಡೀ ಕೂತು, ಬೆಳಿಗ್ಗೆ ಸ್ಪಿನ್ ಆಗಿತ್ತು. ಬೇರೆ ಬ್ಲಡ್ ಟೆಸ್ಟ್‌ಗಳಿಗೆ ಹಾಕೋ ಅದೇ ಜೆಲ್ ಟ್ಯೂಬು, ಕೆಲವು ಔಷಧಿಗಳನ್ನ ಜೆಲ್ ಹೀರ್ಕೊಳ್ಳುತ್ತೆ ಅನ್ನೋ ಕಾರಣಕ್ಕೆ ನಾವು ಕೇಳೋದು ಸಾದಾ ಕೆಂಪು ಮುಚ್ಚಳದ್ದು.

ಇಲ್ಲಿ ಲ್ಯಾಬಿಗೆ ಎರಡು ಸುಲಭದ ದಾರಿ ಇತ್ತು. ಸ್ಯಾಂಪಲ್ ರಿಜೆಕ್ಟ್ ಅಂತ ಬರೆದು ಕೈ ತೊಳ್ಕೊಳೋದು, ಇಲ್ಲಾಂದ್ರೆ 1ಕ್ಕಿಂತ ಕಮ್ಮಿ ಅಂತ ಟೈಪ್ ಮಾಡಿ ಕಳಿಸೋದು. ಎರಡರಲ್ಲೂ ಆ ಹುಡುಗನಿಗೆ ಏನೂ ಉಪಯೋಗ ಇರ್ಲಿಲ್ಲ. ಮೇಡಂ ಹಿಡಿದ ಮೂರನೇ ದಾರಿನೇ ಈ ಕೇಸಿನ ಮೊದಲನೇ ತಿರುವು. ರೂಮ್ ಟೆಂಪರೇಚರಲ್ಲಿ ಇಷ್ಟು ಹೊತ್ತು ಇದ್ರೆ ನಿಜಕ್ಕೂ ಎಷ್ಟು ಹೋಗುತ್ತೆ ಅಂತ ಅಳೆದು ನೋಡೋಣ ಅಂದ್ರು.

ಔಷಧಿ ಇಲ್ಲದ ರಕ್ತಕ್ಕೆ ಗೊತ್ತಿರೋ ಪ್ರಮಾಣದ ಮೆರೋಪೆನೆಮ್ ಸೇರಿಸಿ, ಅದೇ ಜೆಲ್ ಟ್ಯೂಬಿಗೆ ಹಾಕಿ, ಒಂದಷ್ಟನ್ನ ಬೆಂಚ್ ಮೇಲೆ, ಒಂದಷ್ಟನ್ನ ಫ್ರಿಜ್ಜಲ್ಲಿ ಇಟ್ರು. ಇನ್ನೊಂದಷ್ಟನ್ನ ತಕ್ಷಣ ಸ್ಪಿನ್ ಮಾಡಿ ಎಂಒಪಿಎಸ್ ಬಫರ್ ಬೆರೆಸಿ ಮೈನಸ್ 80ಕ್ಕೆ ಹಾಕಿದ್ರು, ಕಾರ್ಬಪೆನೆಮ್ (ಮೆರೋಪೆನೆಮ್ ಸೇರಿರೋ ಔಷಧಿ ಗುಂಪು) ಒಡೆಯೋದನ್ನ ಆ ಬಫರ್ ನಿಧಾನ ಮಾಡುತ್ತೆ. ಮಾರನೇ ದಿನ ಎಲ್ಲಾ ಒಟ್ಟಿಗೆ ಓಡಿಸಿದ್ರೆ, ಬೆಂಚ್ ಮೇಲೆ ಇಟ್ಟಿದ್ದರಲ್ಲಿ ಕಾಲು ಭಾಗದ ಹತ್ರ ಹೋಗಿತ್ತು. ಫ್ರಿಜ್ಜಲ್ಲಿದ್ದದ್ದು ಅಲ್ಪ ಸ್ವಲ್ಪ, ಫ್ರೀಜ್ ಮಾಡಿದ್ದು ಇದ್ದ ಹಾಗೇ ಇತ್ತು.

ಈಗ ಲೆಕ್ಕ ಹಾಕಿ. ಕಾಲು ಭಾಗ ಹೋದ್ರೆ 4 ಇದ್ದದ್ದು 3 ಆಗುತ್ತೆ, 2 ಇದ್ದದ್ದು ಒಂದೂವರೆ ಆಗುತ್ತೆ. ಎರಡೂ ನಮ್ಮ ಕಾಲಮ್‌ನಲ್ಲಿ ಆರಾಮಾಗಿ ಕಾಣಿಸುತ್ತೆ. ಬೇಸ್‌ಲೈನ್ ಆಗಿ ಹೋಗ್ಬೇಕು ಅಂದ್ರೆ ತೆಗೆದಾಗಲೇ ಒಂದೂವರೆಗಿಂತ ಕೆಳಗಿರ್ಬೇಕು. ಸೀನಿಯರ್ ಡಾಕ್ಟರ್ ಹೇಳಿದ ಹಾಗೆ ಸ್ಯಾಂಪಲ್ ಕೆಟ್ಟಿದ್ದು ನಿಜ, ಆದ್ರೆ ಅಷ್ಟು ಕೆಟ್ಟಿದ್ರೂ ಆ ಹುಡುಗನ ಟ್ರಫ್ ಎಂಐಸಿಗಿಂತ ಕೆಳಗೆ ಇತ್ತು ಅನ್ನೋದೂ ನಿಜ. ರಿಪೋರ್ಟಲ್ಲಿ ನಂಬರ್ ಜೊತೆಗೆ ಇದನ್ನೆಲ್ಲಾ ಮೂರು ಸಾಲಲ್ಲಿ ಬರೆದು, ಇದರ ಮೇಲೆ ಡೋಸ್ ನಿರ್ಧಾರ ಮಾಡ್ಬೇಡಿ, ಐಸ್‌ನಲ್ಲಿ ಇನ್ನೊಂದು ಜೋಡಿ ಕಳಿಸಿ ಅಂತ ಕೇಳಿದ್ವಿ. ಕೊಲಿಸ್ಟಿನ್ ಒಂದು ದಿನ ತಡೆದ್ರು. ಪೇಶೆಂಟ್ ಬಿಪಿ ಸ್ಥಿರವಾಗಿತ್ತು, ಆ ಒಂದು ದಿನ ಕಾಯೋಕೆ ಸಾಧ್ಯ ಇತ್ತು. ಶಾಕ್‌ನಲ್ಲಿದ್ದಿದ್ರೆ ಯಾವ ಲೆವೆಲ್‌ಗೂ ಕಾಯಬಾರದಿತ್ತು.

ಎರಡನೇ ಸಲ, ಉಲ್ಟಾ

ಈ ಸಲ ಎಲ್ಲಾ ಸರಿಯಾಗಿ ಬಂತು. ಕೆಂಪು ಮುಚ್ಚಳದ ಟ್ಯೂಬು, ಐಸ್ ಡಬ್ಬ, ಒಂದು ಗಂಟೆಯೊಳಗೆ ಲ್ಯಾಬಲ್ಲಿ. ಡ್ರಿಪ್ ಮುಗಿದು ಅರ್ಧ ಗಂಟೆಗೆ ತೆಗೆದಿದ್ದು. ನಮ್ಮ ಟೆಕ್ನಿಷಿಯನ್ ಹುಡುಗ ಸ್ಕ್ರೀನ್ ನೋಡಿ "ಮೇಡಂ, ಪೀಕ್ ಸ್ಕೇಲ್ ಬಿಟ್ಟು ಹೋಗ್ತಿದೆ" ಅಂದ. ಡೈಲ್ಯೂಟ್ ಮಾಡಿ ಮತ್ತೆ ಹಾಕಿದ್ರೆ 212 ಮಿ.ಗ್ರಾಂ/ಲೀಟರ್.

ಐಸಿಯುಲಿ ಸಂತೋಷ ಆಯ್ತು. ಪೀಕ್ ಇಷ್ಟು ಚೆನ್ನಾಗಿದೆ, ಹಾಗಾದ್ರೆ ಔಷಧಿ ಸಾಕಷ್ಟಿದೆ, ಬಗ್ಗದೇ ಇರೋದು ಬ್ಯಾಕ್ಟೀರಿಯಾನೇ ಅಂತ ಮಾತು ಮತ್ತೆ ಕೊಲಿಸ್ಟಿನ್ ಕಡೆ ತಿರುಗ್ತು. ಮೊದಲು ಗ್ರಾಫಲ್ಲಿರೋ ಆ ಪೀಕ್ ಮೆರೋಪೆನೆಮ್‌ದೇನಾ ಅಂತ ಖಾತ್ರಿ ಮಾಡ್ಕೊಂಡ್ವಿ, ಜೊತೆಗೆ ಕೊಡ್ತಿರೋ ಬೇರೆ ಯಾವುದಾದ್ರೂ ಔಷಧಿ ಅದೇ ಸಮಯಕ್ಕೆ ಕಾಲಮ್ ಬಿಟ್ಟು ಬಂದಿರಬಹುದು. ಡಯೋಡ್ ಅರೇ ಡಿಟೆಕ್ಟರಲ್ಲಿ ಆ ಪೀಕಿನ ಸ್ಪೆಕ್ಟ್ರಮ್ ಶುರು, ತುದಿ, ಕೊನೆ ಮೂರು ಕಡೆ ತೆಗೆದು ಸ್ಟ್ಯಾಂಡರ್ಡ್ ಮೇಲೆ ಇಟ್ಟು ನೋಡಿದ್ವಿ, ಸಂಶಯ ಇಲ್ಲ, ಶುದ್ಧ ಮೆರೋಪೆನೆಮ್.

ಅಂದ್ರೆ ಮೆಷಿನ್ ಸರಿ, ಪೀಕ್ ಸರಿ, ಆದ್ರೂ ನಂಬರ್ ತಪ್ಪು. ಹೇಗೆ ಗೊತ್ತಾಯ್ತು ಅಂದ್ರೆ ತುಂಬಾ ಸರಳ ಲೆಕ್ಕದಿಂದ. ಮೆರೋಪೆನೆಮ್ ಮೈಯಲ್ಲಿ ಹರಡೋ ಜಾಗ ಒಂದು ಕಿಲೋ ತೂಕಕ್ಕೆ ಸುಮಾರು ಕಾಲು ಲೀಟರ್, 70 ಕಿಲೋ ಮನುಷ್ಯನಿಗೆ ಹದಿನೇಳು ಹದಿನೆಂಟು ಲೀಟರ್. 1000 ಮಿ.ಗ್ರಾಂ ಒಂದೇ ಏಟಿಗೆ ಸುರಿದು ಒಂದು ಹನಿನೂ ಹೊರಗೆ ಹೋಗದಿದ್ರೂ 60 ದಾಟಲ್ಲ. 212 ಮನುಷ್ಯನ ಮೈಯಿಂದ ಬರೋಕೆ ಸಾಧ್ಯನೇ ಇಲ್ಲ, ಅದು ಡ್ರಿಪ್ ಬಾಟಲಿಂದ ಬಂದಿರೋ ಔಷಧಿ. ಈ ಲೆಕ್ಕ ಗೊತ್ತಿರೋರು ಲ್ಯಾಬಲ್ಲಿ ಒಬ್ಬರಾದ್ರೂ ಇರ್ಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಯಾಕಂದ್ರೆ ಕ್ಯೂಸಿ ಚಾರ್ಟು ಇದನ್ನ ಯಾವತ್ತೂ ಹಿಡಿಯಲ್ಲ. ಲ್ಯಾಬೊಳಗೆ ನಡೆದಿದ್ದನ್ನ ಮಾತ್ರ ಕ್ಯೂಸಿ ಕಾಯುತ್ತೆ.

ಮೇಡಂ ನೇರವಾಗಿ ಡ್ಯೂಟಿಲಿದ್ದ ಸಿಸ್ಟರ್‌ಗೆ ಫೋನ್ ಮಾಡಿದ್ರು, ಡಾಕ್ಟರ್‌ಗಲ್ಲ.

"ಸಿಸ್ಟರ್, ಬ್ಲಡ್ ಎಲ್ಲಿಂದ ತಗೊಂಡ್ರಿ ಅಂತ ಕೇಳೋಣ ಅಂತ ಮಾಡಿದೆ, ತಪ್ಪು ಹುಡುಕೋಕಲ್ಲ."

"ಸೆಂಟ್ರಲ್ ಲೈನಿಂದ ಮೇಡಂ. ಎರಡು ಕೈನೂ ಊದ್ಕೊಂಡಿದೆ, ವೇನ್ ಸಿಗ್ತಾನೇ ಇಲ್ಲ. ಫ್ಲಷ್ ಮಾಡಿ, ಮೊದಲು ಬಂದ ಬ್ಲಡ್ ಚೆಲ್ಲಿ, ಆಮೇಲೆ ತಗೊಂಡೆ."

"ಆಂಟಿಬಯಾಟಿಕ್ ಹೋಗೋದೂ ಅದೇ ಲೈನಲ್ಲಾ?"

"ಹೌದು ಮೇಡಂ, ಅದೇ ಲೂಮೆನ್. ಬೇರೆ ಎರಡರಲ್ಲಿ ಸೆಡೇಷನ್ನೂ ಫೀಡ್ಸೂ ಓಡ್ತಿದೆ."

(ಸೆಂಟ್ರಲ್ ಲೈನ್ ಅಂದ್ರೆ ದೊಡ್ಡ ರಕ್ತನಾಳಕ್ಕೆ ಹಾಕಿರೋ ಕೊಳವೆ, ಅದರೊಳಗಿನ ಒಂದೊಂದು ದಾರಿನೂ ಒಂದು ಲೂಮೆನ್.) ಆ ಸಿಸ್ಟರ್ ಮಾಡಬೇಕಾದ್ದನ್ನೆಲ್ಲಾ ಮಾಡಿದ್ರು. ಆದ್ರೂ ಗ್ರಾಂಗಟ್ಟಲೆ ಔಷಧಿ ಆಗಷ್ಟೇ ಹರಿದುಹೋದ ಕೊಳವೆ ಗೋಡೆಲಿ ಉಳಿದಿರೋ ಚೂರು ಸಾಕು ಮಿಲಿಗ್ರಾಂ ಲೆಕ್ಕದ ಟೆಸ್ಟ್ ಹಾಳಾಗೋಕೆ. ಪರಿಹಾರ ಹೇಳಿದ್ದೂ ಅವರೇ: "ಆರ್ಟೀರಿಯಲ್ ಲೈನ್ ಇದೆಯಲ್ಲ ಮೇಡಂ, ಬಿಪಿಗೆ ಹಾಕಿರೋದು, ಎಬಿಜಿ ಟೆಸ್ಟಿಗೆ ರಕ್ತ ಅದರಿಂದನೇ ತೆಗೀತೀವಿ. ಅದರಲ್ಲಿ ಔಷಧಿ ಹೋಗಲ್ಲ." ಅದೇ ಫೋನಲ್ಲಿ ಅವರು ಇನ್ನೊಂದು ವಿಷಯನೂ ಹೇಳಿದ್ರು, ನಾವು ಕೇಳದೇ ಇದ್ದದ್ದು. ನೂರು ಎಂಎಲ್ ಸಲೈನಲ್ಲಿ ಔಷಧಿ ಹಾಕಿ ಬಿಡ್ತೀವಿ, ಬಾಟಲ್ ಖಾಲಿ ಆದಾಗ ಪಂಪ್ ಕೂಗುತ್ತೆ, ಆಗ ಸೆಟ್ ಬಿಚ್ಚಿ ಎಸೀತೀವಿ, ಟ್ಯೂಬಲ್ಲಿ ಇನ್ನೂ ಔಷಧಿ ಇರುತ್ತೆ. ಅಳೆದು ನೋಡಿದ್ರೆ ಆ ಸೆಟ್ಟಲ್ಲಿ ಇಪ್ಪತ್ತು ಎಂಎಲ್ ಹತ್ರ ಉಳೀತಿತ್ತು. ಚಾರ್ಟಲ್ಲಿ 1 ಗ್ರಾಂ, ಮೈಗೆ ಹೋಗ್ತಿದ್ದದ್ದು ಎಂಟ್ನೂರು ಮಿಲಿಗ್ರಾಂ. ಇದು ಈ ಒಂದು ಆಸ್ಪತ್ರೆ ವಿಷಯ ಅಲ್ಲ, ಚಿಕ್ಕ ಬಾಟಲು ಉದ್ದ ಟ್ಯೂಬು ಇರೋ ಕಡೆ ಎಲ್ಲಾ ಆಗೋದೇ, ಔಷಧಿ ಮುಗಿದ ಮೇಲೆ ಅದೇ ಸ್ಪೀಡಲ್ಲಿ ಸಲೈನ್ ಬಿಟ್ರೆ ಸರಿಹೋಗುತ್ತೆ.

ಮೂರನೇ ಸಲ

ಆರ್ಟೀರಿಯಲ್ ಲೈನಿಂದ, ಗಡಿಯಾರ ನೋಡ್ಕೊಂಡು, ಮೂರು ಸ್ಯಾಂಪಲ್. ಡ್ರಿಪ್ ಮುಗಿದಿದ್ದು 2:30ಕ್ಕೆ. 3 ಗಂಟೆಗೆ 23 ಮಿ.ಗ್ರಾಂ/ಲೀಟರ್. 5 ಗಂಟೆಗೆ 3.8. ರಾತ್ರಿ 9:50ಕ್ಕೆ 1ಕ್ಕಿಂತ ಕಮ್ಮಿ, ಈ ಸಲ ಟ್ಯೂಬ್ ಮೇಲೆ ಹಾಕೋಕೆ ಯಾವ ನೆಪವೂ ಇರ್ಲಿಲ್ಲ.

ಎರಡು ಗಂಟೆಯಲ್ಲಿ 23ರಿಂದ 3.8ಕ್ಕೆ ಬಿತ್ತು ಅಂದ್ರೆ ಹಾಫ್ ಲೈಫ್ (ಮಟ್ಟ ಅರ್ಧಕ್ಕೆ ಇಳಿಯೋಕೆ ಬೇಕಾದ ಹೊತ್ತು) ಮುಕ್ಕಾಲು ಗಂಟೆ ಹತ್ರ. ಕಿಡ್ನಿ ಸರಿ ಇರೋ ಸಾಮಾನ್ಯರಿಗೆ ಅದು ಒಂದು ಗಂಟೆ. ಅದೇ ವೇಗದಲ್ಲಿ ಗೆರೆ ಎಳೆದ್ರೆ 5:45ರ ಹೊತ್ತಿಗೆ 2 ಮುಟ್ಟುತ್ತೆ, ಅಲ್ಲಿಂದ ರಾತ್ರಿ 10ರವರೆಗೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಸೂಡೋಮೊನಾಸ್‌ಗೆ ತಡೆಯೋರೇ ಇಲ್ಲ, ದಿನಕ್ಕೆ ಮೂರು ಸಲ. ಮೆರೋಪೆನೆಮ್ ಥರದ ಬೀಟಾಲ್ಯಾಕ್ಟಮ್‌ಗಳ ಕೆಲಸ ಪೀಕ್ ಎಷ್ಟು ಎತ್ತರ ಅನ್ನೋದರ ಮೇಲಲ್ಲ, ಎಂಐಸಿ ಮೇಲೆ ಎಷ್ಟು ಹೊತ್ತು ಇರುತ್ತೆ ಅನ್ನೋದರ ಮೇಲೆ. ಕಾರ್ಬಪೆನೆಮ್‌ಗೆ ಕನಿಷ್ಠ ಶೇಕಡಾ 40 ಹೊತ್ತು ಅಂತ ಹಳೆ ಲೆಕ್ಕ, ಐಸಿಯು ಪೇಶೆಂಟ್‌ಗೆ ಪೂರ್ತಿ ಹೊತ್ತೂ ಮೇಲಿರಲಿ ಅಂತ ಈಗ ಬಹಳ ಕಡೆ ಗುರಿ ಇಟ್ಕೊಳ್ತಾರೆ. ಮೆರೋಪೆನೆಮ್ ಪ್ರೋಟೀನಿಗೆ ಶೇಕಡಾ 2ರಷ್ಟು ಮಾತ್ರ ಅಂಟೋದ್ರಿಂದ ನಾವು ಅಳೆದ ಒಟ್ಟು ಮಟ್ಟನೇ ಕೆಲಸಕ್ಕೆ ಬರೋ ಮಟ್ಟ ಅಂತ ತಗೋಬಹುದು, ಅಷ್ಟರ ಮಟ್ಟಿಗೆ ಲೆಕ್ಕ ಸುಲಭ.

ಆಗ 0.5 ಕ್ರಿಯಾಟಿನಿನ್ ಕಡೆ ಎಲ್ಲರ ಕಣ್ಣು ತಿರುಗ್ತು. ಕ್ರಿಯಾಟಿನಿನ್ ಜಾಸ್ತಿ ಆದ್ರೆ ಕಂಪ್ಯೂಟರ್ ಕೆಂಪು ತೋರಿಸುತ್ತೆ, ಕಮ್ಮಿ ಆದ್ರೆ ಯಾರೂ ಎರಡನೇ ಸಲ ನೋಡಲ್ಲ. ಎಂಟು ಗಂಟೆ ಮೂತ್ರ ಸಂಗ್ರಹ ಮಾಡಿದ್ರು, 1200 ಎಂಎಲ್, ಅದರಲ್ಲಿ ಕ್ರಿಯಾಟಿನಿನ್ 42 ಮಿ.ಗ್ರಾಂ/ಡಿಎಲ್. ನಿಮಿಷಕ್ಕೆ 2.5 ಎಂಎಲ್, 42 ಗುಣಿಸಿ 2.5, ಭಾಗಿಸು 0.5, ಅಂದ್ರೆ ಕಿಡ್ನಿ ಕ್ಲಿಯರೆನ್ಸ್ ನಿಮಿಷಕ್ಕೆ 210 ಎಂಎಲ್. 130 ದಾಟಿದ್ರೇನೇ ಆಗ್ಮೆಂಟೆಡ್ ರೀನಲ್ ಕ್ಲಿಯರೆನ್ಸ್ ಅಂತಾರೆ, ಅಂದ್ರೆ ಕಿಡ್ನಿ ಸಹಜಕ್ಕಿಂತ ವೇಗವಾಗಿ ಹೊರಹಾಕೋದು. ಚಿಕ್ಕ ವಯಸ್ಸು, ಗಂಡು, ತಲೆಗೆ ಪೆಟ್ಟು, ಆಮೇಲೆ ಇನ್ಫೆಕ್ಷನ್, ಪುಸ್ತಕದಲ್ಲಿ ಬರೆದಿರೋ ಎಲ್ಲಾ ಲಕ್ಷಣವೂ ಇವನಲ್ಲಿತ್ತು. ತೂತು ಬಿಂದಿಗೆಗೆ ನೀರು ತುಂಬಿಸ್ತಾ ಇದ್ದ ಹಾಗೆ, ಕೊಟ್ಟಿದ್ದೆಲ್ಲಾ ಮೂತ್ರದಲ್ಲಿ ಹೋಗ್ತಿತ್ತು. ಅಣ್ಣನ ಪ್ರಶ್ನೆಗೆ ಉತ್ತರ ಸಿಕ್ತು.

ಏನು ಮಾಡಿದ್ರು

2 ಗ್ರಾಂ, ಎಂಟು ಗಂಟೆಗೊಂದು, ಮೂರು ಗಂಟೆ ಡ್ರಿಪ್ ಅನ್ನೋದು ಮೊದಲ ಸಲಹೆ, ಬಹಳ ಕಡೆ ಅದೇ ಸಾಕಾಗುತ್ತೆ. ಇವನ ವೇಗಕ್ಕೆ ಲೆಕ್ಕ ಹಾಕಿದ್ರೆ ಆರು ಗಂಟೆ ಹೊತ್ತಿಗೆ ಮತ್ತೆ 2ಕ್ಕೆ ಇಳೀತಿತ್ತು, ಕೊನೆ ಎರಡು ಗಂಟೆ ಮತ್ತೆ ಖಾಲಿ. ದಿನಕ್ಕೆ 6 ಗ್ರಾಂ ಮೀರಿ ಹೋಗೋಕೆ ಯಾರಿಗೂ ಮನಸ್ಸಿರ್ಲಿಲ್ಲ, ತಲೆಗೆ ಪೆಟ್ಟಾದವನು, ಔಷಧಿ ವಿಪರೀತ ಜಾಸ್ತಿ ಆದ್ರೆ ಫಿಟ್ಸ್ ಭಯ ಇದ್ದೇ ಇದೆ. ಹಾಗಾಗಿ ಅದೇ 6 ಗ್ರಾಂನ ನಿಲ್ಲಿಸದೇ ಹರಿಸೋಣ ಅಂತಾಯ್ತು. ಮೊದಲು 2 ಗ್ರಾಂ ಲೋಡಿಂಗ್, ಆಮೇಲೆ ಗಂಟೆಗೆ 250 ಮಿ.ಗ್ರಾಂ. ಮೂರು ಸ್ಯಾಂಪಲ್‌ನಿಂದ ಅಂದಾಜಿಸಿದ ಕ್ಲಿಯರೆನ್ಸ್ ಗಂಟೆಗೆ ಸುಮಾರು 20 ಲೀಟರ್, 250ನ 20ರಿಂದ ಭಾಗಿಸಿದ್ರೆ 12.5 ಬರ್ಬೇಕು, ಎಂಐಸಿಯ ಆರು ಪಟ್ಟು.

ಫಿಟ್ಸ್ ಮಾತು ಬಂದಿದ್ದಕ್ಕೆ ಒಂದು ಹೇಳಿಬಿಡ್ತೀನಿ. ಈ ಹುಡುಗನಿಗೆ ಫಿಟ್ಸ್‌ಗೆ ಲೆವೆಟಿರಾಸೆಟಮ್ ಕೊಡ್ತಿದ್ರು, ಬಚಾವು. ಇನ್ನೊಂದು ಫಿಟ್ಸ್ ಔಷಧಿ ವಾಲ್‌ಪ್ರೋಯೇಟ್ ಮೇಲಿದ್ದಿದ್ರೆ ಮೆರೋಪೆನೆಮ್ ಶುರು ಮಾಡಿದ್ರಲ್ಲೇ ವಾಲ್‌ಪ್ರೋಯೇಟ್ ಮಟ್ಟ ನೆಲ ಕಚ್ಚುತ್ತೆ, ಡೋಸ್ ಏರಿಸಿದ್ರೂ ಮೇಲೇಳಲ್ಲ. ನ್ಯೂರೋ ಐಸಿಯುಗಳಲ್ಲಿ ಇದನ್ನ ದಯವಿಟ್ಟು ಗೋಡೆ ಮೇಲೆ ಬರೆದು ಅಂಟಿಸಿ.

ನಿಲ್ಲಿಸದೇ ಹರಿಸೋದಕ್ಕೆ ಅಡ್ಡಿ ಇದ್ದದ್ದು ಒಂದೇ, ಮೆರೋಪೆನೆಮ್ ಟ್ಯೂಬಲ್ಲಿ ಒಡೆಯೋ ಹಾಗೇ ಡ್ರಿಪ್ ಬಾಟಲಲ್ಲೂ ಒಡೆಯುತ್ತೆ. 24 ಗಂಟೆಗೆ ಒಂದೇ ಬ್ಯಾಗ್ ತೂಗುಹಾಕೋ ಹಾಗಿಲ್ಲ. ಎಂಟು ಗಂಟೆಗೊಂದು ಹೊಸ ಬ್ಯಾಗು, 2 ಗ್ರಾಂದು, ಬಿಸಿಲು ಬೀಳೋ ಕಿಟಕಿಯಿಂದ ದೂರ. ಐಸಿಯುಲಿ ಎಸಿ ಇದ್ರೂ ನಂಬಿ ಕೂರೋದು ಬೇಡ ಅಂತ ಮೇಡಂ ಆ ಬ್ಯಾಗಿಂದನೇ ಶುರುವಲ್ಲಿ ಒಂಚೂರು, ಎಂಟು ಗಂಟೆ ಆದ್ಮೇಲೆ ಒಂಚೂರು ತರಿಸಿ ಡೈಲ್ಯೂಟ್ ಮಾಡಿ ಅದೇ ಕಾಲಮ್‌ಗೆ ಹಾಕಿ ನೋಡಿದ್ರು. ಹತ್ತು ಪರ್ಸೆಂಟ್‌ಗಿಂತ ಕಮ್ಮಿ ಹೋಗಿತ್ತು. ಸರಿ ಅಂತ ಮುಂದುವರಿಸಿದ್ರು.

ಮಾರನೇ ದಿನ ಆರ್ಟೀರಿಯಲ್ ಲೈನಿಂದ ಬಂದ ಸ್ಯಾಂಪಲ್‌ನಲ್ಲಿ 10.6. ಅದರ ಮಾರನೇ ದಿನ 11.2. ಲೆಕ್ಕಕ್ಕೂ ಅಳತೆಗೂ ಇಷ್ಟು ಹತ್ರ ಬಂದಾಗ ಲ್ಯಾಬಲ್ಲಿ ಎಲ್ಲರ ಮುಖದಲ್ಲೂ ಒಂದು ಕಳೆ ಇತ್ತು, ನಿಜವಾಗ್ಲೂ ಖುಷಿ ಆಯ್ತು.

ಜ್ವರ ಮೂರನೇ ದಿನದಿಂದ ಇಳೀತಾ ಬಂತು, ಕೌಂಟ್ ಕಮ್ಮಿ ಆಯ್ತು, ಕಫದ ಕಲ್ಚರ್ ಕ್ಲಿಯರ್. ಕೊಲಿಸ್ಟಿನ್ ಬೇಕಾಗ್ಲಿಲ್ಲ. ಅದೇ ದಿನಗಳಲ್ಲಿ ಟ್ರೆಕಿಯಾಸ್ಟಮಿ ಮಾಡಿದ್ರು, ಕಫ ತೆಗೆಯೋದು ಸುಲಭ ಆಯ್ತು, ಫಿಸಿಯೋದವರು ಚೆನ್ನಾಗಿ ಕೆಲಸ ಮಾಡಿದ್ರು, ಆದ್ದರಿಂದ ಗುಣ ಆಗಿದ್ದಕ್ಕೆ ಪೂರ್ತಿ ಕಾರಣ ಡೋಸ್ ಬದಲಾವಣೆ ಅಂತ ಹೇಳೋದು ಸರಿಯಲ್ಲ. ವಾರ ಕಳೆದ ಮೇಲೆ ಇನ್ನೊಂದು ಸ್ಯಾಂಪಲ್ ಕೇಳಿ ತರಿಸ್ಕೊಂಡ್ವಿ, 19ಕ್ಕೆ ಏರಿತ್ತು. ಡೋಸ್ ಅದೇ, ಕಿಡ್ನಿ ಸಹಜ ವೇಗಕ್ಕೆ ಮರಳಿತ್ತು. ಡೋಸ್ ಅರ್ಧ ಮಾಡಿ, ಕೋರ್ಸ್ ಮುಗಿಸಿ ನಿಲ್ಲಿಸಿದ್ರು. ಏರಿಸಿದ ಡೋಸನ್ನ ಇಳಿಸೋಕೂ ಅಳತೆ ಬೇಕು ಅನ್ನೋದನ್ನ ಬಹಳ ಸಲ ಮರೀತಾರೆ.

ಬೇರೆ ಕಡೆಗೆ ಇದು ಎಷ್ಟು ಒಪ್ಪುತ್ತೆ

ಈ ಹುಡುಗ ಅಪರೂಪ ಅಲ್ಲ. 2014ರಲ್ಲಿ ಬಂದ ಡಾಲಿ ಅಧ್ಯಯನದಲ್ಲಿ 10 ದೇಶದ 68 ಆಸ್ಪತ್ರೆ ಐಸಿಯುಗಳನ್ನ ನೋಡಿದ್ರು, ಇನ್ಫೆಕ್ಷನ್‌ಗೆ ಬೀಟಾಲ್ಯಾಕ್ಟಮ್ ತಗೋತಿದ್ದ 248 ಜನರಲ್ಲಿ ಶೇಕಡಾ 16 ಮಂದಿಗೆ ಅರ್ಧ ಹೊತ್ತೂ ಔಷಧಿ ಎಂಐಸಿ ಮೇಲೆ ಇರ್ಲಿಲ್ಲ, ಅವರು ಗುಣ ಆಗೋ ಸಾಧ್ಯತೆನೂ ಕಮ್ಮಿ ಇತ್ತು. ಇದನ್ನ ಓದಿ ಎಲ್ಲರಿಗೂ ಲೆವೆಲ್ ಕಳಿಸಿ, ಎಲ್ಲರಿಗೂ ನಿಲ್ಲಿಸದ ಡ್ರಿಪ್ ಹಾಕಿ ಅನ್ನೋಕೆ ಹೊರಟ್ರೆ ಇನ್ನೊಂದು ಕಡೆನೂ ನೋಡ್ಬೇಕು. 2023ರ ಮರ್ಸಿ ಟ್ರಯಲ್‌ನಲ್ಲಿ 607 ಜನರಲ್ಲಿ ಕೆಲವರಿಗೆ ಮೆರೋಪೆನೆಮ್ ನಿಲ್ಲಿಸದೇ, ಉಳಿದವರಿಗೆ ಬಿಟ್ಟು ಬಿಟ್ಟು ಕೊಟ್ಟು ನೋಡಿದ್ರೆ ವ್ಯತ್ಯಾಸ ಕಾಣಿಸ್ಲಿಲ್ಲ. 2024ರ ಬ್ಲಿಂಗ್ ಮೂರನೇ ಟ್ರಯಲ್‌ನಲ್ಲಿ ಏಳು ಸಾವಿರ ಪೇಶೆಂಟ್‌ಗಳು, 90 ದಿನದೊಳಗಿನ ಸಾವು ನಿಲ್ಲಿಸದ ಡ್ರಿಪ್‌ನಲ್ಲಿ ಶೇಕಡಾ 24.9, ಬಿಟ್ಟು ಬಿಟ್ಟು ಕೊಟ್ಟಾಗ 26.8, ಸ್ಟ್ಯಾಟಿಸ್ಟಿಕ್ಸ್ ಗೆರೆ ದಾಟ್ಲಿಲ್ಲ. ನನ್ನ ಅಭಿಪ್ರಾಯ: ಎಂಐಸಿ ಕಮ್ಮಿ ಇರೋ ಬ್ಯಾಕ್ಟೀರಿಯಾ, ಸಾಧಾರಣ ಕಿಡ್ನಿ ಇರೋರಿಗೆ ಹೇಗೆ ಕೊಟ್ರೂ ನಡೆಯುತ್ತೆ. ಎಂಐಸಿ ಗೆರೆ ಮೇಲಿದ್ದು, ವಯಸ್ಸು ಚಿಕ್ಕದಿದ್ದು, ಕ್ರಿಯಾಟಿನಿನ್ ತೀರಾ ಕಮ್ಮಿ ಇದ್ದು, ನಾಲ್ಕು ದಿನಕ್ಕೂ ಜ್ವರ ಬಿಡದೇ ಇರೋರಿಗೆ ಮಾತ್ರ ಈ ಶ್ರಮ ಸಾರ್ಥಕ, ಅಂಥವರಿಗೆ ಖಂಡಿತ ಕಳಿಸಿ. ಕಳಿಸೋ ಮುಂಚೆ ಎಂಟು ಗಂಟೆ ಮೂತ್ರ ಅಳೀರಿ, ಅದಕ್ಕೆ ಯಾವ ಎಚ್‌ಪಿಎಲ್‌ಸಿನೂ ಬೇಡ, ಯಾವ ಸಣ್ಣ ಆಸ್ಪತ್ರೆಲೂ ಆಗುತ್ತೆ.

ಈ ಕೇಸಾದ್ಮೇಲೆ ನಮ್ಮ ರಿಕ್ವೆಸ್ಟ್ ಫಾರ್ಮ್ ಬದಲಾಯ್ತು. ಡ್ರಿಪ್ ಶುರುವಾದ ಸಮಯ, ಮುಗಿದ ಸಮಯ, ಟ್ಯೂಬ್ ಫ್ಲಷ್ ಆಯ್ತಾ, ರಕ್ತ ತೆಗೆದ ಸಮಯ, ಯಾವ ಲೈನಿಂದ, ಆ ಲೈನಲ್ಲಿ ಔಷಧಿ ಹೋಗುತ್ತಾ, ಐಸ್‌ಗೆ ಹಾಕಿದ ಸಮಯ. ಸಿಸ್ಟರ್‌ಗಳಿಗೆ ತೋರಿಸಿ, ಅವರು ಇದು ರಾತ್ರಿ ಡ್ಯೂಟಿಲಿ ತುಂಬೋಕಾಗಲ್ಲ ಅಂದಿದ್ದನ್ನ ತೆಗೆದು, ಅವರ ಮಾತಲ್ಲೇ ಕನ್ನಡದಲ್ಲೂ ಅಚ್ಚು ಹಾಕಿಸಿದ್ವಿ. ರಾತ್ರಿ ಬರೋ ಸ್ಯಾಂಪಲ್ ಬೆಳಿಗ್ಗೆವರೆಗೆ ಕಾಯಲ್ಲ, ರಿಸೆಪ್ಷನ್‌ನಲ್ಲಿರೋರಿಗೇ ಸ್ಪಿನ್ ಹಾಕಿ ಬಫರ್ ಸೇರಿಸಿ ಮೈನಸ್ 80ಗೆ ಇಡೋದು ಕಲಿಸಿದ್ದೀವಿ. ಫಾರ್ಮಲ್ಲಿ ಯಾವುದಾದ್ರೂ ಸಾಲು ಖಾಲಿ ಇದ್ರೆ ಟ್ಯೂಬ್ ವಾಪಸ್ ಕಳಿಸಲ್ಲ, ಮೊದಲು ಫ್ರೀಜ್ ಮಾಡಿಟ್ಟು ಆಮೇಲೆ ವಾರ್ಡಿಗೆ ಫೋನ್ ಮಾಡ್ತೀವಿ.